ಭೃತಕಾಧ್ಯಾಪಕವಿಚಾರ

ಧರ್ಮಶಾಸ್ತ್ರಗ್ರಂಥಗಳನ್ನು ಓದಿದವರಿಗೆ ‘ಭೃತಕಾಧ್ಯಾಪಕ’ ಎಂಬ ಶಬ್ದವು ಅಪರಿಚಿತವಲ್ಲ. ಸಂಬಳವನ್ನು ಮೊದಲೇ ಗೊತ್ತುಮಾಡಿಕೊಂಡು ಪಾಠ ಹೇಳುವವನು ಎಂದು ಅದರ ಅರ್ಥ. ಮನುವು ಅವನನ್ನು ಶ್ರಾದ್ಧಪಂಕ್ತಿಯಿಂದ ಹೊರಗಿಟ್ಟನು. ಯಾಜ್ಞವಲ್ಕ್ಯನು ಅವನ ಕಸಬನ್ನು ಉಪಪಾತಕಗಳ ಸಾಲಿನಲ್ಲಿ ಸೇರಿಸಿದನು. ಆ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನನ್ನು ಶಹಾಬಾದದ ಬಳಿಯ ಮರತೂರಿನವನೆಂದು ನಮ್ಮ ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಹೀಗಿರಲು, ನಮ್ಮ ಜಿಲ್ಲೆಯ ಕಾಲೇಜು ವಿಶ್ವವಿದ್ಯಾಲಯಗಳಲ್ಲಿ ತಿಂಗಳ ಸಂಬಳಕ್ಕೆ ಪಾಠ ಹೇಳುವ ಅಧ್ಯಾಪಕರೆಲ್ಲರೂ, ಅವರೊಡನೆ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಂಬಳವನ್ನುಂಡು ಈಗ ಪಿಂಚಣಿಯನ್ನುಣ್ಣುತ್ತಿರುವ ಈ ಲೇಖಕನೂ, ಮರತೂರಿನ ಆ ಮಹಾನುಭಾವನ ಕಣ್ಣಿನಲ್ಲಿ ಅಪರಾಧಿಗಳೇ ಸರಿ.

ಆದರೆ ಸ್ಮೃತಿಕಾರರು ಬಡ ಉಪಾಧ್ಯಾಯನ ಅನ್ನವನ್ನು ಕಸಿಯಬೇಕೆಂದು ಈ ಮಾತನ್ನು ಹೇಳಿದವರಲ್ಲ. ಅಧ್ಯಾಪನವು ಜೀವನೋಪಾಯಗಳಲ್ಲಿ ಒಂದೆಂದು ಅವರೇ ಒಪ್ಪಿರುವರು. ವಿದ್ಯೆ ಮುಗಿದ ಮೇಲೆ ಶಿಷ್ಯನು ಸಲ್ಲಿಸುವ ದಕ್ಷಿಣೆಯನ್ನೂ ಒಪ್ಪಿರುವರು. ವ್ಯಾಖ್ಯಾನಪರಂಪರೆಯಲ್ಲಿ ಸಿಕ್ಕುವ ವಿವರಣೆಯಂತೆ ಇಲ್ಲಿ ದೋಷವಿರುವುದು ಕರಾರಿನಲ್ಲಿ. ‘ನೀನು ಇಷ್ಟು ಕೊಟ್ಟರೆ ನಾನು ಇಷ್ಟು ಹೇಳುವೆನು’ ಎಂಬ ಚೌಕಾಶಿಯಲ್ಲಿ. ಹಣದ ಅಳತೆಯೇ ಪಾಠದ ಅಳತೆಯಾಗಿಬಿಟ್ಟೀತೆಂಬ ಅಂಜಿಕೆ ಅವರಿಗಿದ್ದಿತು. ಆ ಅಂಜಿಕೆ ನಿರಾಧಾರವಾದುದಲ್ಲವೆಂಬುದನ್ನು ತೋರಿಸುವ ಗ್ರಂಥವೊಂದು ನಮ್ಮ ಕಾಲದಲ್ಲಿಯೇ ಹುಟ್ಟಿಕೊಂಡಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ನೇಮಕ ಬಡ್ತಿಗಳ ವಿಷಯದಲ್ಲಿ ೨೦೧೦ರಲ್ಲಿ ಹೊರಡಿಸಿ, ಮೇಲಿಂದ ಮೇಲೆ ತಿದ್ದಿ, ೨೦೧೮ರಲ್ಲಿ ಪುನಃ ಬರೆದ ನಿಬಂಧನೆಗಳೇ ಆ ಗ್ರಂಥ. ಸರ್ಕಾರಿ ನಿಬಂಧನೆಗಳನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದುಂಟೆ ಎಂದು ಕೆಲವರು ಕೇಳಬಹುದು. ವಿಧಿವಾಕ್ಯಗಳ ಅರ್ಥವನ್ನು ವಿಚಾರಿಸುವುದಕ್ಕಾಗಿಯೇ ನಮ್ಮವರು ಮೀಮಾಂಸೆಯೆಂಬ ಒಂದು ಶಾಸ್ತ್ರವನ್ನೇ ಕಟ್ಟಿದರು. ನಾಡಿನ ಇಷ್ಟೊಂದು ವಿದ್ವಾಂಸರ ದಿನಚರಿಯನ್ನು ಆಳುವ ವಿಧಿವಾಕ್ಯಗಳನ್ನು ನಾವು ಓದದೆ ಬಿಟ್ಟರೆ ಓದುವವರು ಗುಮಾಸ್ತರು ಮಾತ್ರ.

ಮೀಮಾಂಸೆಯ ಹೆಸರೆತ್ತಿದ ಮೇಲೆ ನಾಗಾವಿಯನ್ನು ನೆನೆಯದೆ ಮುಂದುವರಿಯುವುದು ನಮ್ಮ ಕಡೆಯವರಿಗೆ ತರವಲ್ಲ. ಚಿತ್ತಾಪುರದ ಪಕ್ಕದ ಆ ಹಾಳೂರಿಗೆ ಹೋಗಿ ಅರವತ್ತು ಕಂಬದ ಗುಡಿಯನ್ನು ನೋಡಿ, ಎಲ್ಲಮ್ಮನಿಗೆ ಕಾಯಿ ಒಡೆಯಿಸಿ ಬಂದವರು ವಾಚಕರಲ್ಲಿ ಅನೇಕರಿರಬಹುದು. ಅಲ್ಲಿಯ ೧೦೫೮ನೆಯ ಇಸವಿಯ ಶಾಸನದಂತೆ, ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಮಧುಸೂದನನೆಂಬ ದಂಡನಾಯಕನು ಅಲ್ಲೊಂದು ಘಟಿಕಾಶಾಲೆಯನ್ನು ಏರ್ಪಡಿಸಿದನು. ವೇದವನ್ನೋದುವ ವಿದ್ಯಾರ್ಥಿಗಳು ಇನ್ನೂರು. ಶಾಸ್ತ್ರವನ್ನೋದುವವರು ಐವತ್ತರ ಸುಮಾರು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಪುಸ್ತಕಗಳನ್ನು ಕಾಯ್ದುಕೊಡಲು ಆರು ಮಂದಿ ಸರಸ್ವತೀಭಾಂಡಾರಿಗರು. (ಆರು ಉಪಾಧ್ಯಾಯರಿಗೆ ಆರು ಗ್ರಂಥಪಾಲಕರು! ಇಂದಿನ ಯಾವ ಕಾಲೇಜಿನ ಮುಖ್ಯಸ್ಥರಿಗಾದರೂ ಈ ಲೆಕ್ಕವನ್ನು ಹೇಳಿ ನೋಡಿರಿ.) ಶಾಸ್ತ್ರದ ಮೂವರಲ್ಲಿ ಒಬ್ಬನು ಭಾಟ್ಟದರ್ಶನವನ್ನೂ, ಒಬ್ಬನು ನ್ಯಾಸವನ್ನೂ, ಮತ್ತೊಬ್ಬನು ಪ್ರಾಭಾಕರವನ್ನೂ ವ್ಯಾಖ್ಯಾನಿಸತಕ್ಕವರು. ಇವರ ಜೀವನಕ್ಕೆ ಭೂಮಿಯನ್ನು ವೃತ್ತಿಯಾಗಿ ಬಿಡಲಾಗಿದ್ದಿತು.

ಒಂದೇ ಶಾಲೆಯಲ್ಲಿ ಭಾಟ್ಟನನ್ನೂ ಪ್ರಾಭಾಕರನನ್ನೂ ಕೂರಿಸಿದ ಆ ದಂಡನಾಯಕನ ಧೈರ್ಯವನ್ನು ಮೆಚ್ಚಬೇಕು. ಏಕೆಂದರೆ ಈ ಎರಡು ಮತಗಳು ಮುಖ್ಯವಾಗಿ ಕಾದಾಡಿದ್ದು, ಮನುಷ್ಯನನ್ನು ಕೆಲಸಕ್ಕೆ ಹಚ್ಚುವುದು ಯಾವುದು ಎಂಬ ಪ್ರಶ್ನೆಯ ಮೇಲೆಯೇ. ಫಲದ ಅರಿವಿಲ್ಲದೆ ಯಾರೂ ಕೈಯೆತ್ತುವುದಿಲ್ಲವೆಂದು ಭಾಟ್ಟರ ಪಕ್ಷ. ‘ಇದು ನನ್ನಿಂದ ಆಗತಕ್ಕ ಕಾರ್ಯ’ ಎಂಬ ತಿಳಿವೇ ಮನುಷ್ಯನನ್ನು ಹೊರಡಿಸಲು ಸಾಕೆಂದು ಪ್ರಾಭಾಕರರ ಪಕ್ಷ. ಈ ಲೇಖಕನು ಕಲಿತ ಪಾಠಶಾಲೆಯಲ್ಲಿ ಪ್ರಾಭಾಕರಮತವು ಖಂಡನೆಗಾಗಿ ಮಾತ್ರ ಬಾಗಿಲೊಳಗೆ ಬರುತ್ತಿದ್ದಿತು. ನಾಗಾವಿಯಲ್ಲಾದರೋ ಅದಕ್ಕೂ ಹೊಲವಿತ್ತು, ಮನೆಯಿತ್ತು, ಶಿಷ್ಯರಿದ್ದರು. ಅಧ್ಯಾಪಕನನ್ನು ಪ್ರೇರಿಸುವುದು ಸಂಬಳವೋ ಕರ್ತವ್ಯವೋ ಎಂದು ಈಗ ಅರ್ಥಶಾಸ್ತ್ರಜ್ಞರು ನಡೆಯಿಸುತ್ತಿರುವ ವಾದವು ಚಿತ್ತಾಪುರ ತಾಲೂಕಿಗೆ ಹೊಸದಲ್ಲವೆಂಬುದಿಷ್ಟೇ ಇದರ ತಾತ್ಪರ್ಯ.

ಪ್ರಕೃತಕ್ಕೆ ಬರೋಣ. ೨೦೧೦ರ ನಿಬಂಧನೆಯು ಅಧ್ಯಾಪಕನ ವರ್ಷದ ಜೀವನವನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಪಾಠ ಪರೀಕ್ಷೆಗಳದು ಮೊದಲನೆಯದು: ಗರಿಷ್ಠ ೧೨೫ ಅಂಕ, ಕನಿಷ್ಠ ೭೫. ಸಹಪಠ್ಯ ಚಟುವಟಿಕೆ, ವಿಸ್ತರಣಕಾರ್ಯ ಮುಂತಾದುದು ಎರಡನೆಯದು: ಗರಿಷ್ಠ ೫೦, ಕನಿಷ್ಠ ೧೫. ಸಂಶೋಧನೆ ಪ್ರಕಟಣೆಗಳದು ಮೂರನೆಯದು. ಮೊದಲ ರೂಪದಲ್ಲಿ ಇದರ ಒಟ್ಟಿಗೆ ಮೇಲ್ಮಿತಿಯೇ ಇರಲಿಲ್ಲ. ತಜ್ಞರು ಪರಿಶೀಲಿಸಿದ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ ೧೫ ಅಂಕ, ಸಮ್ಮೇಲನದ ಸಂಪುಟದಲ್ಲಿ ಬಂದರೆ ೧೦. ಅಂತರರಾಷ್ಟ್ರೀಯ ಪ್ರಕಾಶಕರಿಂದ ಹೊರಬಂದ ಗ್ರಂಥಕ್ಕೆ ೫೦, ರಾಷ್ಟ್ರಮಟ್ಟದವರಿಂದಾದರೆ ೨೫, ಊರಿನ ಪ್ರಕಾಶಕರಿಂದಾದರೆ ೧೫. ಮಾರ್ಗದರ್ಶನದಲ್ಲಿ ಒಬ್ಬನು ಡಾಕ್ಟರೇಟ್ ಪಡೆದರೆ ೧೦. ಒಂದು ಗ್ರಂಥವು ಕಲಬುರ್ಗಿಯಲ್ಲಿ ಅಚ್ಚಾದರೆ ಇಷ್ಟು ತೂಕ, ಲಂಡನ್ನಿನಲ್ಲಿ ಅಚ್ಚಾದರೆ ಅದರ ಮೂರು ಪಾಲಿಗಿಂತ ಹೆಚ್ಚು ತೂಕವೆಂದು ನಿರ್ಣಯಿಸಿದವರ ಸಾಹಿತ್ಯವಿಮರ್ಶೆಯನ್ನು ನಾವು ಪ್ರತ್ಯೇಕವಾಗಿ ಪರಾಮರ್ಶಿಸುವ ಅವಶ್ಯಕತೆಯಿಲ್ಲ.

ಶಹಾಬಾದದ ಫರ್ಶಿಯನ್ನು ಚದರಡಿಯ ಲೆಕ್ಕದಲ್ಲಿ ಮಾರುವುದು ನ್ಯಾಯ. ವಾಡಿಯ ಸಿಮೆಂಟನ್ನು ಚೀಲದ ಲೆಕ್ಕದಲ್ಲಿ ತೂಗುವುದೂ ನ್ಯಾಯ. ಒಂದು ಚೀಲಕ್ಕೂ ಇನ್ನೊಂದು ಚೀಲಕ್ಕೂ ಭೇದವಿರದಂತೆ ಮಾಡುವುದೇ ಆ ಉದ್ಯಮದ ಗುರಿಯಲ್ಲವೆ? ವಿದ್ವತ್ತಿನಲ್ಲಿಯಾದರೋ ಒಂದು ಲೇಖನಕ್ಕೂ ಇನ್ನೊಂದು ಲೇಖನಕ್ಕೂ ಇರುವ ಭೇದವೇ ಸರ್ವಸ್ವ. ಅದನ್ನು ಎಣಿಕೆಗೆ ಇಳಿಸಿದಾಗ ಏನಾಗುವುದೆಂಬುದು ಬೇಗನೆ ಗೊತ್ತಾಯಿತು. ಹಣ ತೆತ್ತವರ ಲೇಖನವನ್ನು ಓದದೆಯೇ ಅಚ್ಚುಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದುವು. ಆಯೋಗವು ಒಪ್ಪಿತ ಪತ್ರಿಕೆಗಳ ಪಟ್ಟಿಯನ್ನು ಮಾಡಿತು. ೨೦೧೮ರ ಮೇ ತಿಂಗಳಲ್ಲಿ ಆ ಪಟ್ಟಿಯಿಂದಲೇ ೪,೩೦೫ ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅದೇ ವರ್ಷ ಪುಣೆಯ ವಿದ್ವಾಂಸರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ವಿಶ್ವವಿದ್ಯಾಲಯಗಳು ತಾವೇ ಶಿಫಾರಸು ಮಾಡಿದ ಪತ್ರಿಕೆಗಳಲ್ಲಿ ಪರೀಕ್ಷೆಗೆ ಒಳಪಟ್ಟ ಭಾಗದಲ್ಲಿ ಶೇಕಡಾ ೮೮ರಷ್ಟು ಕೀಳುದರ್ಜೆಯವಾಗಿದ್ದುವು. ಆ ಬಳಿಕ ‘ಕೇರ್’ ಎಂಬ ಹೆಸರಿನ ಹೊಸ ಪಟ್ಟಿ ೨೦೧೯ರಲ್ಲಿ ಬಂದು, ೨೦೨೫ರಲ್ಲಿ ಅದೂ ರದ್ದಾಯಿತು.

ಇದಕ್ಕೆ ಅಧ್ಯಾಪಕರ ದುರಾಶೆಯೇ ಕಾರಣವೆಂದು ಪತ್ರಿಕೆಗಳಲ್ಲಿ ಬರೆದವರುಂಟು. ನಮಗೆ ಹಾಗೆ ತೋರುವುದಿಲ್ಲ. ಮೀಮಾಂಸಕರು ಕರ್ಮವನ್ನು ನಿತ್ಯವೆಂದೂ ಕಾಮ್ಯವೆಂದೂ ಭಾಗಿಸುವರು. ಸಂಧ್ಯಾವಂದನೆಯಂತಹ ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಮಾಡಿದರೂ ಸಲ್ಲುವುದು. ಮಾಡದಿದ್ದರೆ ಮಾತ್ರ ದೋಷ. ಮಳೆಗಾಗಿಯೋ ಪುತ್ರನಿಗಾಗಿಯೋ ಮಾಡುವ ಕಾಮ್ಯಕರ್ಮವನ್ನಾದರೆ ವಿಧಿಸಿದ ಅಂಗಗಳಲ್ಲಿ ಒಂದೂ ತಪ್ಪದಂತೆ ನಡೆಯಿಸಬೇಕು. ಆ ಫಲ ಬೇಡವಾದವನು ಅದರ ಗೊಡವೆಗೆ ಹೋಗಬೇಕಾಗಿಲ್ಲ. ನಿಬಂಧನೆಯನ್ನು ಬರೆದವರು ಮಾಡಿದ್ದೇನೆಂದರೆ, ಅಧ್ಯಾಪಕನ ನಿತ್ಯಕರ್ಮವನ್ನು ಕಾಮ್ಯಕರ್ಮವಾಗಿ ಮಾರ್ಪಡಿಸಿದುದು. ಮಧ್ಯಾಹ್ನ ಕೊಠಡಿಯ ಬಾಗಿಲಲ್ಲಿ ನಿಂತ ಹುಡುಗನಿಗೆ ಒಂದು ಸಂದೇಹವನ್ನು ಬಿಡಿಸಿ ಹೇಳುವುದಕ್ಕೆ ಅಂಕವಿಲ್ಲ. ಆದುದರಿಂದ ಅದು ಕರ್ಮವೇ ಅಲ್ಲವೆಂಬಂತಾಯಿತು. ಬಡ್ತಿಯ ಆಶೆಯನ್ನು ಬಿಟ್ಟವನಿಗಂತೂ ಏನನ್ನು ಮಾಡಲೂ ಕಾರಣವುಳಿಯಲಿಲ್ಲ. ಅಮೆರಿಕದ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ೧೯೭೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮಾಷೆಗಾಗಿ ಒಗಟುಗಳನ್ನು ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಒಮ್ಮೆ ಹಣ ಕೊಟ್ಟು ನಿಲ್ಲಿಸಿದಾಗ, ಅವರು ಬಿಡುವಿನ ವೇಳೆಯಲ್ಲಿ ಆ ಒಗಟುಗಳನ್ನು ಮೊದಲಿಗಿಂತ ಕಡಿಮೆ ಮುಟ್ಟಿದರು. ಪ್ರಾಭಾಕರನು ಇದನ್ನು ಕೇಳಿದ್ದರೆ ಮುಗುಳ್ನಗುತ್ತಿದ್ದನು.

ಪೂರ್ವಪಕ್ಷವನ್ನು ಬಲವಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುವುದು ನಮ್ಮ ಸಂಪ್ರದಾಯವಲ್ಲ. ಪೂರ್ವಪಕ್ಷಿಗಳಲ್ಲಿ ಅಗ್ರಗಣ್ಯನು ಆಡಮ್ ಸ್ಮಿತ್. ೧೭೭೬ರಲ್ಲಿ ಹೊರಬಂದ ತನ್ನ ಅರ್ಥಶಾಸ್ತ್ರಗ್ರಂಥದಲ್ಲಿ ಅವನು, ಆಕ್ಸ್‌ಫರ್ಡಿನ ಬಹುಪಾಲು ಪ್ರಾಧ್ಯಾಪಕರು ಪಾಠ ಹೇಳುವ ಸೋಗನ್ನೂ ಬಿಟ್ಟು ಬಹಳ ವರ್ಷಗಳಾದುವೆಂದು ದೂರಿದ್ದಾನೆ. ದುಡಿದರೂ ದುಡಿಯದಿದ್ದರೂ ಒಂದೇ ಸಂಬಳ ಬರುವಲ್ಲಿ ದುಡಿಯುವವರಾರು ಎಂಬುದು ಅವನ ತರ್ಕ. ತಾನು ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾಗಿದ್ದಾಗ ಅವನ ಆದಾಯದ ಒಂದು ಪಾಲು ವಿದ್ಯಾರ್ಥಿಗಳು ಕೊಡುವ ಶುಲ್ಕದಿಂದ ಬರುತ್ತಿದ್ದಿತು. ಇಂತಹ ಆಕ್ಸ್‌ಫರ್ಡುಗಳನ್ನು ನಾವೂ ಕಂಡಿದ್ದೇವೆ. ಹಳದಿಯಾದ ಅವೇ ಟಿಪ್ಪಣಿಗಳನ್ನು ಇಪ್ಪತ್ತು ವರ್ಷ ಓದಿ ಹೇಳಿ ನಿವೃತ್ತರಾದವರು ಯಾವ ಊರಿನಲ್ಲಿಲ್ಲ?

ಇನ್ನೂ ಹತ್ತಿರದ ಪ್ರಮಾಣವೊಂದುಂಟು. ನಮ್ಮ ಚಿಂಚೋಳಿ ಸೇಡಂಗಳ ಗಡಿಯಾಚೆ, ಆಗಿನ ಅಖಂಡ ಆಂಧ್ರಪ್ರದೇಶದಲ್ಲಿ, ೨೦೦೫ರಿಂದ ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಮಕ್ಕಳ ಕಲಿಕೆ ಎಷ್ಟು ಹೆಚ್ಚಿತೆಂಬುದನ್ನು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಶಿಕ್ಷಕರಿಗೆ ಬಹುಮಾನದ ಹಣ ಕೊಟ್ಟರು. ಕಾರ್ತಿಕ ಮುರಳೀಧರನ್ ಮತ್ತು ವೆಂಕಟೇಶ ಸುಂದರರಾಮನ್ ೨೦೧೧ರಲ್ಲಿ ಪ್ರಕಟಿಸಿದಂತೆ, ಎರಡು ವರ್ಷಗಳಲ್ಲಿ ಆ ಶಾಲೆಗಳ ಮಕ್ಕಳು ಗಣಿತದಲ್ಲಿಯೂ ಭಾಷೆಯಲ್ಲಿಯೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಾದರು. ಬಹುಮಾನಕ್ಕೆ ಸೇರದ ವಿಷಯಗಳಲ್ಲಿಯೂ ಮುಂದಾದರು. ಅದೇ ಮುರಳೀಧರನ್ ಅವರೂ ಸೇರಿ ಇಂಡೋನೇಶಿಯಾದಲ್ಲಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಮಗ್ಗುಲನ್ನು ತೋರಿಸುತ್ತದೆ: ಅಲ್ಲಿ ಶಿಕ್ಷಕರ ಸಂಬಳವನ್ನು ಯಾವ ಷರತ್ತೂ ಇಲ್ಲದೆ ಇಮ್ಮಡಿಗೊಳಿಸಿದರು, ಶಿಕ್ಷಕರ ಸಂತೋಷ ಹೆಚ್ಚಿತು, ಸಾಲದ ಕಾಟ ತಗ್ಗಿತು, ಎರಡನೆಯ ಕಸಬಿಗೆ ಹೋಗುವುದು ಕಡಿಮೆಯಾಯಿತು, ಆದರೆ ಮಕ್ಕಳ ಕಲಿಕೆ ಇದ್ದಲ್ಲಿಯೇ ಇದ್ದಿತು. ಸಂಬಳವನ್ನು ಏರಿಸಿದರೆ ಪಾಠ ತಾನಾಗಿ ಚೆನ್ನಾಗುವುದೆಂದು ಹೇಳುವವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಅಂಕಗಣನೆಯ ಪಕ್ಷವೇ ಗೆದ್ದಿತೆ? ಇಲ್ಲಿ ನಮಗೆ ತಮಿಳುನಾಡಿನ ಎಣ್ಣಾಯಿರಂ ಶಾಸನವು ದಾರಿ ತೋರಿಸುತ್ತದೆ. ರಾಜೇಂದ್ರಚೋಳನ ಕಾಲದ ಆ ವಿದ್ಯಾಲಯದಲ್ಲಿ ೩೪೦ ವಿದ್ಯಾರ್ಥಿಗಳು, ೧೪ ಉಪಾಧ್ಯಾಯರು. ಉಪಾಧ್ಯಾಯರಿಗೆ ದಿನದ ಭತ್ತ ಗೊತ್ತಾಗಿದ್ದಿತು. ಅದಲ್ಲದೆ ವ್ಯಾಕರಣ ಮೀಮಾಂಸೆಗಳನ್ನು ವ್ಯಾಖ್ಯಾನಿಸುವವರಿಗೆ ಒಂದೊಂದು ಅಧ್ಯಾಯಕ್ಕೆ ಒಂದೊಂದು ಕಳಂಜು ಬಂಗಾರವೆಂದೂ ನಿಯಮಿಸಿದ್ದರು. ಪ್ರಾಚೀನರಿಗೆ ಪ್ರೋತ್ಸಾಹಧನವು ತಿಳಿಯದೆಂದು ಭಾವಿಸಿದವರು ಇದನ್ನು ಗಮನಿಸಬೇಕು. ಆದರೆ ಸೂಕ್ಷ್ಮವನ್ನೂ ಗಮನಿಸಬೇಕು. ಪಾಣಿನಿಯಲ್ಲಿ ಅಧ್ಯಾಯಗಳು ಎಂಟು, ಜೈಮಿನಿಯಲ್ಲಿ ಹನ್ನೆರಡು. ಬಂಗಾರದ ಆಶೆ ಎಷ್ಟೇ ಇರಲಿ, ವೈಯಾಕರಣನು ಒಂಬತ್ತನೆಯ ಅಧ್ಯಾಯವನ್ನು ಹುಟ್ಟಿಸಲಾರನು. ಎಂಟನ್ನು ಹೇಳಿ ಮುಗಿಸಿದನೋ ಇಲ್ಲವೋ ಎಂಬುದಕ್ಕೆ ಎದುರಿಗೆ ಕುಳಿತ ಶಿಷ್ಯರೇ ಸಾಕ್ಷಿ. ಆಂಧ್ರದ ಶಾಲೆಯಲ್ಲಿಯೂ ಹಾಗೆಯೇ: ಮಗು ಓದಬಲ್ಲುದೋ ಇಲ್ಲವೋ, ಕೂಡಿಕಳೆಯಬಲ್ಲುದೋ ಇಲ್ಲವೋ ಎಂಬುದನ್ನು ಹೊರಗಿನವರು ಬಂದು ಪರೀಕ್ಷಿಸಿದರು. ಬಹುಮಾನವು ಕಟ್ಟಿದ್ದುದು ಪಾಠಕ್ಕೆ, ಅದೂ ಉಬ್ಬಿಸಲಾಗದ ಅಳತೆಗೆ. ಆಯೋಗದ ನಿಬಂಧನೆಯಲ್ಲಿ ಪಾಠಕ್ಕಿದ್ದ ಅಂಕಗಳನ್ನು ಅಧ್ಯಾಪಕನೇ ಬರೆದುಕೊಳ್ಳುವುದು ಮೊದಲಾಯಿತು. ಅಲ್ಲಿ ಎಲ್ಲರೂ ಸಮಾನರಾದ್ದರಿಂದ ಸ್ಪರ್ಧೆಯೆಲ್ಲ ಲೇಖನಗಳ ಕಡೆಗೆ ಹರಿಯಿತು. ಲೇಖನಕ್ಕಾದರೆ ಒಂಬತ್ತನೆಯದೂ ಉಂಟು, ತೊಂಬತ್ತನೆಯದೂ ಉಂಟು.

ವಿದ್ವಾಂಸರನ್ನು ತಾರತಮ್ಯದಿಂದ ನೋಡಬಾರದೆಂದು ನಾವು ಹೇಳುತ್ತಿಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು, ಇಬ್ಬರೂ ಅರಮನೆಯ ಸಂಬಳಗಾರರು, ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿಕೊಂಡು ರಾಜನ ಮುಂದೆ ಬರುವರು. ಇವರ ಕಾದಾಟವನ್ನು ನೋಡದೆ ಸುಮ್ಮನೆ ಸಂಬಳ ಕೊಟ್ಟೇನು ಫಲವೆಂದು ವಿದೂಷಕನು ಕೀಟಲೆಮಾಡುವನು. ತೀರ್ಪಿಗೆ ಕುಳಿತವಳು ಕಲೆಯನ್ನು ಬಲ್ಲ ಪರಿವ್ರಾಜಿಕೆ. ಅವಳು ಆಚಾರ್ಯರ ಪ್ರಶಸ್ತಿಪತ್ರಗಳನ್ನು ಕೇಳುವುದಿಲ್ಲ. ಶಿಷ್ಯೆಯನ್ನು ಕುಣಿಯಿಸಿರಿ, ನೋಡೋಣ ಎನ್ನುತ್ತಾಳೆ. ತಾನು ಬಲ್ಲವನು ಬೇರೆ, ಬಲ್ಲುದನ್ನು ಇನ್ನೊಬ್ಬರಿಗೆ ದಾಟಿಸಬಲ್ಲವನು ಬೇರೆ ಎಂಬ ವಿವೇಕವೂ ಅವಳಿಗುಂಟು. ಆಯೋಗದ ಗ್ರಂಥದಲ್ಲಿ ಕೊರತೆಯಾಗಿರುವುದು ಈ ಪರಿವ್ರಾಜಿಕೆಯ ಪಾತ್ರವೇ. ೨೦೧೮ರಲ್ಲಿ ಆಯೋಗವು ಈ ಅಂಕಗಣನೆಯನ್ನು ಕೈಬಿಟ್ಟು, ಕಾಲೇಜು ಅಧ್ಯಾಪಕರ ಬಡ್ತಿಗೆ ಸಂಶೋಧನೆಯ ಕಡ್ಡಾಯವನ್ನು ಸಡಿಲಿಸಿದುದು ಒಪ್ಪತಕ್ಕದ್ದು. ವಿಶ್ವವಿದ್ಯಾಲಯಗಳಿಗೆ ಸಂಶೋಧನಾಂಕಗಳ ಪಟ್ಟಿ ಉಳಿದೇ ಉಳಿಯಿತು.

ಇಷ್ಟು ಹೊತ್ತೂ ಕಾಯಂ ಅಧ್ಯಾಪಕರ ಮಾತಾಯಿತು. ೨೦೧೬ರ ಜನವರಿ ೧ರಿಂದ ಎಣಿಸುವ ಏಳನೆಯ ಪರಿಷ್ಕರಣೆಯಲ್ಲಿ ಸಹಾಯಕ ಪ್ರಾಧ್ಯಾಪಕನ ಪ್ರಾರಂಭದ ಮೂಲವೇತನ ೫೭,೭೦೦ ರೂಪಾಯಿ, ಪ್ರಾಧ್ಯಾಪಕನದು ೧,೪೪,೨೦೦. ಇದು ಸಾಲದೆಂದು ಯಾರೂ ಹೇಳಲಾರರು. ಆದರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮಕ್ಕಳು ಪದವಿಯ ತರಗತಿಯಲ್ಲಿ ಯಾರ ಮುಖವನ್ನು ನೋಡುತ್ತ ಪಾಠ ಕೇಳುತ್ತಾರೆ? ಬಹಳ ಕಡೆ ‘ಅತಿಥಿ ಉಪನ್ಯಾಸಕ’ನ ಮುಖವನ್ನು. ಈ ಹೆಸರನ್ನು ಇಟ್ಟವರಿಗೆ ಸಂಸ್ಕೃತ ಬರುತ್ತಿದ್ದಿತೋ ಇಲ್ಲವೋ, ವಿಡಂಬನೆಯಂತೂ ಬರುತ್ತಿದ್ದಿತು. ತಿಥಿಯ ನಿಯಮವಿಲ್ಲದೆ ಬರುವವನು ಅತಿಥಿ. ಗೃಹಸ್ಥನು ಅವನಿಗೆ ತಾನುಣ್ಣುವುದಕ್ಕೆ ಮೊದಲು ಉಣಬಡಿಸಬೇಕೆಂದು ಶಾಸ್ತ್ರ. ಈ ಅತಿಥಿಯು ಹತ್ತು ಹದಿನೈದು ವರ್ಷ ಅದೇ ಮನೆಯಲ್ಲಿದ್ದು, ಮನೆಯ ಕೆಲಸವನ್ನೆಲ್ಲ ಮಾಡಿ, ಎಲ್ಲರೂ ಉಂಡ ಮೇಲೆ ಉಳಿದರೆ ಉಣ್ಣತಕ್ಕವನು. ಬರುವ ತಿಥಿ ಗೊತ್ತುಂಟು. ಹೋಗುವ ತಿಥಿ ಮಾತ್ರ ಗೊತ್ತಿಲ್ಲ.

೨೦೨೨ರ ಜನವರಿಯವರೆಗೆ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಇವನಿಗೆ ತಿಂಗಳಿಗೆ ಸಿಕ್ಕುತ್ತಿದ್ದುದು, ಆಯೋಗದ ಅರ್ಹತೆಯಿದ್ದರೆ ೧೩,೦೦೦ ರೂಪಾಯಿ, ಇಲ್ಲದಿದ್ದರೆ ೧೧,೦೦೦. ಆ ತಿಂಗಳು ಸರ್ಕಾರವು ಅದನ್ನು ಅರ್ಹತೆ ಅನುಭವಗಳಿಗನುಸಾರವಾಗಿ ೨೬,೦೦೦ದಿಂದ ೩೨,೦೦೦ದವರೆಗೆ ಏರಿಸಿತು. ಒಂದೇ ಏಟಿಗೆ ಇಮ್ಮಡಿ! ಆದರೆ ಅದೇ ಆಜ್ಞೆಯಲ್ಲಿ ವಾರದ ಪಾಠ ಎಂಟು ಹತ್ತು ತಾಸಿನಿಂದ ಹದಿನೈದು ತಾಸಿಗೆ ಏರಿತು. ಇಬ್ಬರ ಪಾಠವನ್ನು ಒಬ್ಬನು ಹೇಳತೊಡಗಿದರೆ ಇನ್ನೊಬ್ಬನು ಎಲ್ಲಿಗೆ ಹೋಗಬೇಕು? ಒಬ್ಬನಿಗೆ ಇಮ್ಮಡಿಯಾದುದು ಇನ್ನೊಬ್ಬನ ಎಲೆಯಿಂದ ತೆಗೆದು ಬಡಿಸಿದುದೆಂದು ಆಗ ಅನೇಕರು ಅತ್ತರು. ೨೦೨೩ರ ನವೆಂಬರಿನಿಂದ ಕಾಯಮಾತಿಯನ್ನು ಬೇಡಿ ಮುಷ್ಕರ ನಡೆಯಿತು. ೨೦೨೪ರ ಜನವರಿಯಿಂದ ೫,೦೦೦ದಿಂದ ೮,೦೦೦ ರೂಪಾಯಿಗಳ ಏರಿಕೆ ದೊರೆಯಿತು, ಕಾಯಮಾತಿ ದೊರೆಯಲಿಲ್ಲ.

ನಮ್ಮ ಪರಿಚಯದ ಒಬ್ಬ ಅತಿಥಿ ಉಪನ್ಯಾಸಕರಿದ್ದಾರೆ. 2022ಕ್ಕೆ ಮೊದಲು ಬೆಳಿಗ್ಗೆ ಒಂದು ಊರಿನ ಕಾಲೇಜಿನಲ್ಲಿಯೂ ಮಧ್ಯಾಹ್ನ ಇನ್ನೊಂದು ಊರಿನ ಖಾಸಗಿ ಸಂಸ್ಥೆಯಲ್ಲಿಯೂ ಪಾಠ ಹೇಳುತ್ತಿದ್ದರು. ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಅವರು ರೈಲಿಗೆ ಕಾಯುತ್ತ ಕುಳಿತಿದ್ದಾಗ ಮಾತಿಗೆ ಸಿಕ್ಕುವರು. ಹಳಗನ್ನಡದಲ್ಲಿ ಒಳ್ಳೆಯ ಪರಿಶ್ರಮವುಳ್ಳವರು. ಮಳಖೇಡದ ಕಡೆಯ ಶಾಸನಗಳ ಭಾಷೆಯ ಮೇಲೆ ಡಾಕ್ಟರೇಟ್ ಮಾಡಿದವರು. ‘ಈಗೇನು ಓದುತ್ತಿದ್ದೀರಿ?’ ಎಂದು ಒಮ್ಮೆ ಕೇಳಿದುದಕ್ಕೆ, ‘ಮಾಸ್ತರರೇ, ಜೂನ್ ತಿಂಗಳಲ್ಲಿ ನನ್ನನ್ನು ತಿರುಗಿ ಕರೆಯುತ್ತಾರೋ ಇಲ್ಲವೋ ಎಂಬ ಸುತ್ತೋಲೆಯನ್ನು ಓದುತ್ತಿದ್ದೇನೆ’ ಎಂದರು. ಅವರು ಸಂಬಳ ಕಡಿಮೆಯೆಂದು ದೂರಿದುದನ್ನು ನಾವು ಕೇಳಿದ್ದು ಅಪರೂಪ. ಪುಸ್ತಕ ಕೊಳ್ಳುವುದನ್ನು ಬಿಟ್ಟಿದ್ದೇನೆ, ಮನೆ ಬದಲಿಸುವಾಗ ಹೊರುವುದು ಕಷ್ಟ ಎಂದು ಮಾತ್ರ ಹೇಳಿದ್ದುಂಟು.

ಈ ಮಾತಿನಲ್ಲಿ ವಿಷಯದ ತಿರುಳಿದೆಯೆಂದು ನಮಗೆ ತೋರುತ್ತದೆ. ಶಾಸನಗಳು ಉಪಾಧ್ಯಾಯನಿಗೆ ಕೊಟ್ಟುದನ್ನು ‘ವೃತ್ತಿ’ ಎಂದು ಕರೆದುವು. ಬಿಜಾಪುರದ ಕಡೆಯ ಸಾಲೋಟಗಿಯಲ್ಲಿ, ನಮ್ಮ ಮಾನ್ಯಖೇಟದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ೯೪೫ನೆಯ ಇಸವಿಯ ಶಾಸನದಂತೆ, ಅಧ್ಯಾಪಕನ ವೃತ್ತಿಗೆ ಐವತ್ತು ನಿವರ್ತನ ಭೂಮಿ. ಊರಿನಲ್ಲಿ ನಡೆಯುವ ಮದುವೆ ಮುಂಜಿ ಚೌಲಗಳಿಂದಲೂ ಶಾಲೆಗೆ ಕಾಣಿಕೆ ಸಲ್ಲುತ್ತಿದ್ದಿತು. ಬರುವ ವರ್ಷ ತಾನು ಇದೇ ಜಗಲಿಯ ಮೇಲೆ ಕುಳಿತು ಬಿಟ್ಟ ಸೂತ್ರದಿಂದ ಪಾಠವನ್ನು ಮುಂದುವರಿಸುವೆನೆಂಬ ಭರವಸೆ ಅಂಥ ಭೂಮಿಯಲ್ಲಿತ್ತು. ಭೂಮಿಯ ಆದಾಯ ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆಯಾಗಿದ್ದಿರಬಹುದು. ತೊಗರಿ ಬೆಳೆಯುವ ಸೀಮೆಯವರಾದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸ್ಥಾನವು ಸ್ಥಿರವಾಗಿದ್ದಿತು. ಸ್ಥಿರವಾದ ಸ್ಥಾನದಲ್ಲಿ ಸೋಮಾರಿಯಾದವನು ಆಡಮ್ ಸ್ಮಿತ್ತನ ದೂರಿಗೆ ಗುರಿಯಾಗುವನು, ನಿಜ. ಅವನನ್ನು ಎಬ್ಬಿಸಲು ಶಿಷ್ಯನನ್ನು ಕುಣಿಯಿಸಿ ನೋಡುವ ಪರಿವ್ರಾಜಿಕೆ ಬೇಕು. ಅಸ್ಥಿರವಾದ ಸ್ಥಾನದಲ್ಲಿರುವವನನ್ನಾದರೋ ಯಾವ ಪರೀಕ್ಷೆಯೂ ಒಳ್ಳೆಯ ಅಧ್ಯಾಪಕನನ್ನಾಗಿ ಮಾಡಲಾರದು. ಅವನ ಮನಸ್ಸೆಲ್ಲ ಬರುವ ಜೂನ್ ತಿಂಗಳಲ್ಲಿಯೇ ಇರುತ್ತದೆ. ೧೯೮೦ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವನ್ನೂ ೨೦೦೯ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವನ್ನೂ ಪಡೆದ ಈ ಸೀಮೆಯಲ್ಲಿ ಕಟ್ಟಡಗಳಿಗೆ ಈಗ ಬಡತನವಿಲ್ಲ. ಅಂಕಗಳನ್ನು ಹೇಗೆ ಎಣಿಸಬೇಕೆಂದು ತಿದ್ದುಪಡಿಯ ಮೇಲೆ ತಿದ್ದುಪಡಿ ತರುವವರು, ಖಾಲಿಬಿದ್ದ ಹುದ್ದೆಗಳನ್ನು ತುಂಬುವುದನ್ನೇ ಮೊದಲನೆಯ ಪ್ರೋತ್ಸಾಹವೆಂದು ಎಣಿಸಿದ್ದರೆ ಉಳಿದ ವಿವಾದದ ಅರ್ಧ ಭಾಗ ಹುಟ್ಟುತ್ತಲೇ ಇರಲಿಲ್ಲ.

ಆಯೋಗವು ೨೦೨೫ರ ಜನವರಿಯಲ್ಲಿ ಇನ್ನೊಂದು ಕರಡನ್ನು ಪ್ರಕಟಿಸಿತು. ಕುಲಪತಿಗಳ ನೇಮಕದ ವಿಷಯದಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ವಿರೋಧಿಸಿದುದು ವಾಚಕರಿಗೆ ಗೊತ್ತೇ ಇದೆ. ನಾವು ನೋಡತಕ್ಕದ್ದು ಅದರ ಇನ್ನೊಂದು ಪುಟವನ್ನು. ಅಲ್ಲಿ ಅಂಕಗಳ ಬದಲಾಗಿ ‘ಗಮನಾರ್ಹ ಕೊಡುಗೆ’ಗಳು ಒಂಬತ್ತು ಬಗೆಯಾಗಿ ಬಂದಿವೆ, ಅವುಗಳಲ್ಲಿ ನಾಲ್ಕಾದರೂ ಇರಬೇಕಂತೆ. ಭಾರತೀಯ ಭಾಷೆಗಳಲ್ಲಿ ಬೋಧಿಸುವುದು ಒಂದು, ಭಾರತೀಯ ಜ್ಞಾನಪರಂಪರೆ ಒಂದು, ಅಂತರ್ಜಾಲಕ್ಕಾಗಿ ಪಾಠಗಳನ್ನು ಸಿದ್ಧಪಡಿಸುವುದು ಒಂದು, ಸಂಶೋಧನೆಗೆ ಹೊರಗಿನಿಂದ ಹಣ ತರುವುದು ಒಂದು, ಹೊಸ ಉದ್ಯಮವನ್ನು ತೆರೆಯುವುದು ಒಂದು. ನಾಗಾವಿಯ ಪ್ರಾಭಾಕರವ್ಯಾಖ್ಯಾತೃವು ಈಗ ಬಂದು ಅರ್ಜಿ ಹಾಕಿದರೆ ಜ್ಞಾನಪರಂಪರೆಯ ಒಂದು ಕೊಡುಗೆಯನ್ನು ಅವನಿಗೆ ಸಂತೋಷದಿಂದಲೇ ಬರೆದುಕೊಂಡಾರು. ಇನ್ನು ಮೂರು ಬೇಕು. ಎದುರಿಗೆ ಕುಳಿತ ಹದಿನೈದಿಪ್ಪತ್ತು ಶಿಷ್ಯರನ್ನು ಯಾವ ಕಲಮಿನ ಕೆಳಗೆ ತೋರಿಸಬೇಕೆಂದು ಅವನು ಸರಸ್ವತೀಭಾಂಡಾರಿಗರನ್ನು ಕೇಳಬೇಕಾದೀತು.